ಒಂದು ರೀಲು ಓಡಿಸಿ ನೋಡದೆ ದುಬಾರಿ ಕಂಪ್ಯಾಕ್ಟ್ ಕ್ಯಾಮೆರಾಕ್ಕೆ ದುಡ್ಡು ಕೊಡಬೇಡಿ

ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ತಂದ ಕ್ಯಾಮೆರಾ ಹನ್ನೊಂದೇ ವಾರಕ್ಕೆ ಕೈಕೊಟ್ಟಿತು. ತೊಂಬತ್ತರ ದಶಕದ್ದು, ಟೈಟಾನಿಯಂ ಮೈಯದ್ದು, ಆಟೋಫೋಕಸ್ ಇರುವ ಫಿಲ್ಮ್ ಕ್ಯಾಮೆರಾ. ಸೆಕೆಂಡ್ ಹ್ಯಾಂಡ್. ಯಾವ ಕಂಪನಿಯದ್ದು ಅನ್ನೋದು ಇಲ್ಲಿ ಬೇಡ, ಈ ಜಾತಿಯ ಯಾವುದಕ್ಕಾದರೂ ಇದೇ ಗತಿ ಬರಬಹುದು. ಇಂಥದ್ದೊಂದರ ಮೇಲೆ ಆಸೆ ಇಟ್ಟುಕೊಂಡವರು ದಯವಿಟ್ಟು ಓದಿ.

"ಎಲ್ಲಾ ಚೆಕ್ ಮಾಡಿದ್ದೇನೆ, ಚೆನ್ನಾಗಿದೆ" ಅಂದಿದ್ದರು ಮಾರಿದವರು. ಮನೆಗೆ ಬಂದಾಗ ಹಾಗೇ ಇತ್ತು. ಸ್ವಿಚ್ ತಿರುಗಿಸಿದರೆ ಲೆನ್ಸ್ ಸೊಯ್ಯಂತ ಹೊರಗೆ ಬರುತ್ತಿತ್ತು. ಗುಂಡಿ ಅರ್ಧ ಒತ್ತಿದರೆ ಹಸಿರು ದೀಪ. ಮೊದಲ ರೀಲು ತೊಳೆಸಿ ನೋಡಿದಾಗ ಖುಷಿಯಿಂದ ನಿದ್ದೆ ಬರಲಿಲ್ಲ.

ನಾಲ್ಕನೇ ರೀಲು ಹಾಕಿದ್ದಾಗ ಅಕ್ಕನ ಮಗಳು ಗೋಡೆ ಬಿಟ್ಟು ಮೊದಲ ಸಲ ಹೆಜ್ಜೆ ಇಟ್ಟಳು. ಹದಿನಾರು ಚಿತ್ರ ಆಗಿತ್ತು. ಕ್ಯಾಮೆರಾ ಆಫ್ ಮಾಡಿದ್ದೆ, ಓಡಿಹೋಗಿ ಆನ್ ಮಾಡಿದೆ. ಲೆನ್ಸ್ ಅರ್ಧ ಬಂದು ನಿಂತುಬಿಟ್ಟಿತು. ಮೇಲಿನ ಡಿಸ್‌ಪ್ಲೇ ಮಿಣಮಿಣ ಅನ್ನುತ್ತಿತ್ತು. ಆಫ್ ಮಾಡಿದರೆ ಒಳಗೂ ಹೋಗಲಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. ಅಷ್ಟರಲ್ಲಿ ಮಗು ಕೂತುಬಿಟ್ಟಿದ್ದಳು.

ಸದ್ಯ, ನಾನು ಕ್ಯಾಮೆರಾದ ಹಿಂಬದಿ ಬಾಗಿಲು ತೆಗೆಯಲಿಲ್ಲ. ನಿಮಗೂ ಹೀಗಾದರೆ ತೆಗೆಯಬೇಡಿ, ಬೆಳಕು ಬಿದ್ದು ರೀಲು ಹಾಳಾಗುತ್ತದೆ. ರಿಪೇರಿ ಮಾಡುವವರು ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈ ಹಾಕಿ ರೀಲು ಬಿಡಿಸಿಕೊಟ್ಟರು. ಹದಿನಾರೂ ಚಿತ್ರ ಉಳಿದವು.

ಆಮೇಲೆ ಬಿಚ್ಚಿ ತೋರಿಸಿದರು. ಲೆನ್ಸಿನ ಕೊಳವೆಗೂ ಒಳಗಿನ ಬೋರ್ಡಿಗೂ ನಡುವೆ ಕಾಗದದಷ್ಟು ತೆಳುವಾದ ಒಂದು ಕಂದು ಪಟ್ಟಿ ಇರುತ್ತದೆ, ಫ್ಲೆಕ್ಸ್ ಕೇಬಲ್ ಅಂತಾರೆ. ಪ್ರತಿ ಸಲ ಲೆನ್ಸ್ ಹೊರಗೆ ಬಂದು ಒಳಗೆ ಹೋದಾಗ ಅದು ಒಂದೇ ಜಾಗದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಆ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಷ್ಟೇ. "ಹೊಸದು ಸಿಗಲ್ಲ. ಇನ್ನೊಂದು ಕೆಟ್ಟ ಕ್ಯಾಮೆರಾದಿಂದ ಕಿತ್ತು ಹಾಕಬೇಕು, ಅದಕ್ಕೂ ಇಷ್ಟೇ ವಯಸ್ಸಾಗಿರುತ್ತೆ" ಅಂದರು. ವಾಪಸ್ ಕೊಡೋಣ ಅಂದರೆ ಮಾರಿದವರು ಕೊಟ್ಟಿದ್ದ ಒಂದು ವಾರದ ಗಡುವು ಯಾವತ್ತೋ ಮುಗಿದಿತ್ತು.

ಈ ಕ್ಯಾಮೆರಾಗಳ ವಯಸ್ಸು ನೋಡಿ. ಕಾಂಟ್ಯಾಕ್ಸ್ ಟಿ2 ಬಂದದ್ದು 1990ರಲ್ಲಿ. ಮೇಲ್ಗಡೆ ಗಡಿಯಾರದ ಹಾಗೆ ಮುಳ್ಳುಗಳಿರುವ ನಿಕಾನ್ 35ಟಿಐ 1993ರದ್ದು. ಮಿನೋಲ್ಟಾ ಟಿಸಿ-1, ರಿಕೋ ಜಿಆರ್1 ಎರಡೂ 1996ರವು. ಕಾಂಟ್ಯಾಕ್ಸ್ ತಯಾರಿಸುತ್ತಿದ್ದ ಕ್ಯೋಸೆರಾ ಆ ಕೆಲಸ ಬಿಡುವುದಾಗಿ 2005ರಲ್ಲಿ ಹೇಳಿತು, ಕೋನಿಕಾ ಮಿನೋಲ್ಟಾ 2006ರಲ್ಲಿ. ಮತ್ತೆ ಬಿಡಿಭಾಗ ಎಲ್ಲಿಂದ ಬರಬೇಕು? ಲೈಕಾ ಮಿನಿಲಕ್ಸ್‌ನಲ್ಲಿ ಇ02 ಅನ್ನುವ ಎರರ್ ಬಂದು ನಿಂತುಹೋಗುವುದು, ಜಿಆರ್1ರ ಡಿಸ್‌ಪ್ಲೇಯಲ್ಲಿ ಅಂಕಿಗಳು ಮಾಸಿಹೋಗುವುದು ಇವೆಲ್ಲ ಬಳಸುವವರಿಗೆ ಗೊತ್ತಿರುವ ಕಾಯಿಲೆಗಳೇ. ಇವಕ್ಕಿಂತ ಎಷ್ಟೋ ಹಳೆಯದಾದ 1966ರ ರೋಲೈ 35 ಬ್ಯಾಟರಿ ಸತ್ತರೂ ಚಿತ್ರ ತೆಗೆಯುತ್ತದೆ, ಬೆಳಕು ಅಳೆಯುವ ಮೀಟರ್ ಮಾತ್ರ ಕೆಲಸ ಮಾಡಲ್ಲ. ಅದರಲ್ಲಿ ದೂರವನ್ನು ನಾವೇ ಅಂದಾಜು ಮಾಡಿ ಫೋಕಸ್ ಮಾಡಬೇಕು, ನಿಜ. ಆದರೆ ಅದು ಹಲ್ಲುಚಕ್ರ, ಸ್ಪ್ರಿಂಗುಗಳ ಯಂತ್ರ, ಬಿಚ್ಚಿ ಸರಿಮಾಡಬಹುದು.

ಲೆನ್ಸ್ ಬಗ್ಗೆ ನನ್ನ ತಕರಾರಿಲ್ಲ. ನನ್ನ ಮೂರು ರೀಲುಗಳ ಚಿತ್ರ ಈಗಲೂ ತೆಗೆದು ನೋಡುತ್ತೇನೆ, ಅಷ್ಟು ಚೆಂದ. ಆದರೆ ಒಳ್ಳೆ ಬಿಸಿಲಲ್ಲಿ ತೆಗೆದು ಸಣ್ಣ ಪ್ರಿಂಟ್ ಹಾಕಿಸಿದರೆ ಒಂದು ಸಾದಾ ಪ್ಲಾಸ್ಟಿಕ್ ಕ್ಯಾಮೆರಾಕ್ಕೂ ಇದಕ್ಕೂ ಬೆಲೆಯಲ್ಲಿರುವಷ್ಟು ವ್ಯತ್ಯಾಸ ಖಂಡಿತ ಕಾಣಲ್ಲ. 2017ರಲ್ಲಿ ಅಮೆರಿಕದ ಮಾಡೆಲ್ ಕೆಂಡಲ್ ಜೆನ್ನರ್ ಟಿವಿ ಶೋಗೆ ಟಿ2 ತಂದು ತೋರಿಸಿದ ಮೇಲೆ ಅದಕ್ಕೆ ಬೇಡಿಕೆ ಏರಿತು. ಬೆಲೆ ಜಾಸ್ತಿ ಆಯಿತು ಅಂತ ಒಳಗಿನ ಪಟ್ಟಿ ಗಟ್ಟಿಯಾಗಲ್ಲ ಅಲ್ವಾ?

ಆದರೂ ಬೇಕೇ ಬೇಕು ಅನ್ನುವವರು ಕೈಯಲ್ಲಿ ಹಿಡಿದು ನೋಡಿ. ಒಂದಿಪ್ಪತ್ತು ಸಲ ಆನ್ ಆಫ್ ಮಾಡಿ, ಲೆನ್ಸ್ ತಡವರಿಸಿದರೆ ಅಲ್ಲೇ ಬಿಟ್ಟುಬನ್ನಿ. ರೀಲು ಇಲ್ಲದಾಗ ಹಿಂಬದಿ ತೆಗೆದು ಬೆಳಕಿನ ಕಡೆ ಹಿಡಿದು ಗುಂಡಿ ಒತ್ತಿ, ಬೆಳಕು ಒಳಗೆ ಬಿಡುವ ಶಟರ್ ತೆರೆದಾಗ ಬೆಳಕಿನ ಚುಕ್ಕೆ ಕಾಣಬೇಕು. ಶಬ್ದ ನಂಬಬೇಡಿ, ಶಟರ್ ತೆರೆಯದೆಯೂ ಶಬ್ದ ಬರಬಹುದು. ಫೋಕಸ್ ಸರಿಯಿದೆಯೋ ಇಲ್ಲವೋ ವ್ಯೂಫೈಂಡರಿನಲ್ಲಿ ಗೊತ್ತಾಗಲ್ಲ, ಅದು ಲೆನ್ಸಿನ ಮೂಲಕ ನೋಡುವ ಕಂಡಿ ಅಲ್ಲ. ಅದಕ್ಕೇ ಒಂದು ರೀಲು ಪೂರ್ತಿ ತೆಗೆಯಲೇಬೇಕು, ಹತ್ತಿರದ್ದು, ದೂರದ್ದು, ಮಬ್ಬು ಬೆಳಕಿನದ್ದು ಎಲ್ಲಾ. ಅದನ್ನು ತೊಳೆಸಿ ನೋಡುವಷ್ಟು ದಿನವಾದರೂ ವಾಪಸ್ ತಗೊಳ್ಳುತ್ತೀರಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ. ನನ್ನಂತೆ ಹನ್ನೊಂದು ವಾರಕ್ಕೆ ಕೆಟ್ಟರೆ ಇದೂ ಕಾಪಾಡಲ್ಲ. ಹಾಗಾಗಿ ಪೂರ್ತಿ ಹೋದರೂ ತಡೆದುಕೊಳ್ಳುವಷ್ಟು ದುಡ್ಡು ಮಾತ್ರ ಹಾಕಿ.

ಮೊನ್ನೆ ಗೆಳೆಯನೊಬ್ಬ ಇಂಥದ್ದೇ ಒಂದು ಕ್ಯಾಮೆರಾದ ಫೋಟೋ ಕಳಿಸಿದ. ಅದರಲ್ಲಿ ಇತ್ತೀಚೆಗೆ ತೆಗೆದ ನೆಗೆಟಿವ್ ತೋರಿಸಿ ಅಂತ ಮಾರುವವರನ್ನು ಕೇಳು ಅಂದೆ. "ರೀಲು ಹಾಕಿಲ್ಲ, ಫ್ಲ್ಯಾಶ್ ಚೆನ್ನಾಗಿ ಹೊಡೆಯುತ್ತೆ" ಅಂತ ಉತ್ತರ ಬಂತಂತೆ. ಅವನು ಇನ್ನೂ ದುಡ್ಡು ಕಳಿಸಿಲ್ಲ.