ಕೆಟ್ಟರೂ ಕೈಬಿಡದ ಮಿಕ್ಸರ್: ಬಯಲಾಟದ ರಾತ್ರಿಗಳಲ್ಲಿ ಅನಲಾಗ್ ಮತ್ತು ಡಿಜಿಟಲ್

ಉಡುಪಿ, ಕಾರ್ಕಳದ ಆಸುಪಾಸಿನ ಯಕ್ಷಗಾನ ಬಯಲಾಟಗಳಿಗೆ ಧ್ವನಿವರ್ಧಕದ ವ್ಯವಸ್ಥೆ ಮಾಡುವುದು ನನ್ನ ಉದ್ಯೋಗ. ಮೈಕುಗಳ ಧ್ವನಿಯನ್ನೆಲ್ಲ ಹದವಾಗಿ ಬೆರೆಸಿ ಧ್ವನಿವರ್ಧಕಕ್ಕೆ ಕಳುಹಿಸುವ ಪೆಟ್ಟಿಗೆಯೇ ಮಿಕ್ಸರ್, ಅದರಲ್ಲಿ ಒಂದೊಂದು ಮೈಕಿನ ದಾರಿ ಒಂದೊಂದು ಚಾನೆಲ್. 2 ವರ್ಷಗಳ ಹಿಂದೆ 16 ಚಾನೆಲ್‌ಗಳ ಡಿಜಿಟಲ್ ಮಿಕ್ಸರ್ ಒಂದನ್ನು ಕೊಂಡಾಗ, ಅಷ್ಟೇ ಚಾನೆಲ್‌ಗಳ ಹಳೆಯ ಅನಲಾಗ್ ಮಿಕ್ಸರನ್ನು ಮಾರದೆ ಅಟ್ಟಕ್ಕೇರಿಸಿದ್ದೆ. ಕೇಳಿದವರು ಕೊಟ್ಟ ಬೆಲೆ ತೀರ ಕಡಿಮೆಯಾಯಿತೆಂಬ ಮುನಿಸಷ್ಟೇ ಅದಕ್ಕೆ ಕಾರಣ. ಈಗ ಆ ಹಳೆಯದೇ ಪ್ರತಿ ರಾತ್ರಿ ರಂಗಸ್ಥಳದ ಬದಿಯಲ್ಲಿದೆ, ಹೊಸದು ಮನೆಯಲ್ಲಿದೆ. ನನ್ನ ಒಲವು ಯಾವ ಕಡೆಗೆಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೊಸದನ್ನು ಕೊಂಡ ಮೊದಲ ತಿರುಗಾಟದಲ್ಲೇ, ಸಂತರ್ಪಣೆಯಿದ್ದ ಒಂದು ಹರಕೆಯಾಟದ ರಾತ್ರಿ, ಅಡುಗೆಯವರು ಮರುದಿನದ ತಿಂಡಿಗೆಂದು ದೊಡ್ಡ ಗ್ರೈಂಡರನ್ನು ಚಾಲೂ ಮಾಡಿದೊಡನೆ ಜನರೇಟರಿನ ವೋಲ್ಟೇಜ್ ಕುಸಿಯಿತು. ದೀಪಗಳು ಒಮ್ಮೆ ಮಿಟುಕಿ ಸರಿಯಾದವು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಸಂಗತಿ. ಆದರೆ ಡಿಜಿಟಲ್ ಮಿಕ್ಸರ್ ಒಳಗೊಂದು ಕಂಪ್ಯೂಟರನ್ನೇ ಇಟ್ಟುಕೊಂಡಿರುವುದರಿಂದ, ಅಷ್ಟು ಕೊರತೆಗೇ ಆರಿಹೋಗಿ ಮೊದಲಿನಿಂದ ಏಳತೊಡಗಿತು. ಪರದೆಯ ಮೇಲೆ ಕಂಪನಿಯ ಲಾಂಛನ ಮೂಡಿ, ಫೇಡರುಗಳೆಲ್ಲ (ಧ್ವನಿಯನ್ನು ಏರಿಳಿಸುವ ಜಾರುಗುಂಡಿಗಳು) ಒಮ್ಮೆ ಮೇಲೆ ಹೋಗಿ ಕೆಳಗಿಳಿದು, ಕೊನೆಗೆ ಧ್ವನಿ ಬರುವ ಹೊತ್ತಿಗೆ 50 ಸೆಕೆಂಡು ಕಳೆದಿತ್ತು.

ಆಗಲೇ ದೊಂದಿ ಹಿಡಿದು ಸಭೆಯ ನಡುವಿನಿಂದ ಮಹಿಷಾಸುರ ಬರುತ್ತಿದ್ದ. ಚೆಂಡೆಗೆ ಮೈಕಿನ ಹಂಗಿಲ್ಲ, ಅದು ನಡೆಯಿತು. ಭಾಗವತರ ಪದ ಮಾತ್ರ ಮುಂದಿನ ಎರಡು ಸಾಲಿನವರಿಗಷ್ಟೇ ಕೇಳಿತು. (ಮೈಕಿಲ್ಲದ ಕಾಲದಲ್ಲಿ ಗದ್ದೆಯ ಆಚೆಗೂ ಪದ ಕೇಳುತ್ತಿತ್ತೆಂದು ಹಿರಿಯರೊಬ್ಬರು ನನಗೆ ಬೆಳಿಗ್ಗೆಯವರೆಗೂ ಹೇಳುತ್ತಲೇ ಇದ್ದರು.) ಅನಲಾಗ್ ಮಿಕ್ಸರಿಗೂ ಇಂಥ ಮಿಟುಕು ಎಷ್ಟೋ ಸಲ ಬಡಿದಿದೆ. ವಿದ್ಯುತ್ತು ಮರಳಿದ ಕ್ಷಣವೇ ಅದು ಮಾತನಾಡುತ್ತದೆ, ಏಕೆಂದರೆ ಅದರಲ್ಲಿ ಏಳಬೇಕಾದದ್ದು, ನೆನಪಿಸಿಕೊಳ್ಳಬೇಕಾದದ್ದು ಯಾವುದೂ ಇಲ್ಲ. ಗುಂಡಿ ಎಲ್ಲಿದೆಯೋ ಅದೇ ಅದರ ನೆನಪು. ಯುಪಿಎಸ್ ಇಟ್ಟರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ನಾನೂ ಇಟ್ಟೆ. ದಿನವೂ ಲಾರಿಯಲ್ಲಿ ಕುಲುಕಾಡಿದ ಅದರ ಬ್ಯಾಟರಿಯ ಯೋಗಕ್ಷೇಮವನ್ನೂ ಅಂದಿನಿಂದ ನಾನೇ ನೋಡಿಕೊಳ್ಳಬೇಕಾಯಿತು.

ಬಾಳಿಕೆಯ ಮಾತಿಗೆ ಬಂದರೆ, ಅನಲಾಗ್ ಕೆಡುವುದೇ ಇಲ್ಲವೆಂಬುದು ಶುದ್ಧ ಸುಳ್ಳು. ನನ್ನದು ಪ್ರತಿ ವರ್ಷವೂ ಕೆಡುತ್ತದೆ. ಗುಂಡಿಯ ಒಳಗಿನ ಕಾರ್ಬನ್ ಪಟ್ಟಿಗೆ ಧೂಳು ಕೂತು ಕರಕರ ಎನ್ನುತ್ತದೆ. ಕಡಲ ಗಾಳಿಗೆ ಸಾಕೆಟ್ಟುಗಳು ಕಿಲುಬು ಹಿಡಿಯುತ್ತವೆ. ಆದರೆ ಅದು ಕೆಡುವುದು ತುಂಡುತುಂಡಾಗಿ. 7ನೆಯ ಚಾನೆಲ್ ಸತ್ತರೆ ಮದ್ದಳೆಯ ವಯರನ್ನು 12ಕ್ಕೆ ಚುಚ್ಚಿ ಆಟ ಮುಂದುವರಿಸಬಹುದು, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಪೇಟೆಯ ರಿಪೇರಿಯವನ ಬಳಿ ಕೊಟ್ಟರೆ ಅವನು ಕೆಲವು ನೂರು ರೂಪಾಯಿಗಳಲ್ಲಿ ಐಸಿ (ಚಿಪ್) ಬದಲಿಸಿ ಕೊಡುತ್ತಾನೆ.

ಡಿಜಿಟಲ್ ಅಪರೂಪಕ್ಕೆ ಕೆಡುತ್ತದೆ, ಕೆಟ್ಟರೆ ಇಡಿಯಾಗಿ ಕೆಡುತ್ತದೆ. ಅದರ ಫೇಡರಿನಲ್ಲಿ ಧ್ವನಿ ಹರಿಯುವುದಿಲ್ಲವಾದ್ದರಿಂದ ಕರಕರ ಸದ್ದೇನೋ ಬರುವುದಿಲ್ಲ, ಆದರೆ ಧೂಳಿನಿಂದಾಗಿ ತಾನಿರುವ ಸ್ಥಾನವನ್ನೇ ತಪ್ಪಾಗಿ ಓದಿಕೊಂಡು ನನ್ನ ಮೂರನೆಯ ಫೇಡರ್ ನಡುಗತೊಡಗಿತು, ಅದರೊಂದಿಗೆ ಭಾಗವತರ ಧ್ವನಿಯೂ ಏರಿಳಿಯಿತು. ಮರುವರ್ಷ ಮುಖ್ಯ ಬೋರ್ಡೇ ಹೋಯಿತು. ಬೆಂಗಳೂರಿಗೆ ಕಳುಹಿಸಿದ್ದು 6 ವಾರಗಳ ನಂತರ ₹18,000 ಬಿಲ್ಲಿನೊಂದಿಗೆ ಮರಳಿತು. ಹಳೆಯದು ಅಟ್ಟದಿಂದಿಳಿದದ್ದು ಆಗಲೇ. ರಂಗಸ್ಥಳದಿಂದ ಬರುವ ಕೇಬಲ್ಲಿನದೂ ಇದೇ ಕಥೆ: ಹಲವು ಎಳೆಗಳ ದಪ್ಪ ಮಲ್ಟಿಕೋರಿನಲ್ಲಿ ಒಂದು ಎಳೆ ತುಂಡಾದರೆ ಒಂದು ಮೈಕ್ ಹೋಗುತ್ತದೆ, ತೆಳ್ಳಗಿನ ನೆಟ್‌ವರ್ಕ್ ಕೇಬಲನ್ನು ಯಾರಾದರೂ ತುಳಿದು ಕಿತ್ತರೆ ಎಲ್ಲವೂ ಹೋಗುತ್ತವೆ.

ಹೀಗೆಂದ ಮಾತ್ರಕ್ಕೆ ಎಲ್ಲ ಅನಲಾಗ್ ಮಿಕ್ಸರುಗಳೂ ಒಂದೇ ಅಲ್ಲ. ನನ್ನ ಹಳೆಯದರಲ್ಲಿ ಪ್ರತಿ ಚಾನೆಲ್ಲಿಗೂ ಬೇರೆಯೇ ಬೋರ್ಡ್ ಇದೆ, ಪ್ರತಿ ಗುಂಡಿಯನ್ನೂ ನಟ್ಟಿನಿಂದ ಲೋಹದ ಮೇಲ್ಹೊದಿಕೆಗೆ ಬಿಗಿದಿದ್ದಾರೆ, ಆದ್ದರಿಂದ ಹೊಡೆತ ಬಿದ್ದರೆ ಅದನ್ನು ತಾಳುವುದು ಲೋಹ. ಈಗ ಅಗ್ಗಕ್ಕೆ ಸಿಗುವ ಹಲವದರಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ಅಗಲವಾದ ಬೋರ್ಡಿನ ಮೇಲಿದ್ದು, ಗುಂಡಿಗಳು ಬರಿಯ ಬೆಸುಗೆಯ ಆಧಾರದಲ್ಲಿ ನಿಂತಿರುತ್ತವೆ. ಅಂಥದ್ದು ಡಿಜಿಟಲ್‌ಗಿಂತಲೂ ಕಡೆ. ಕೊಳ್ಳುವ ಮುನ್ನ ಗುಂಡಿಯ ಟೋಪಿ ತೆಗೆದು ಕೆಳಗೆ ನಟ್ಟಿದೆಯೇ ಎಂದು ನೋಡಿ.

ವಿನ್ಯಾಸದಲ್ಲಿ ಡಿಜಿಟಲ್ ಗೆಲ್ಲುವ ಕಡೆಗಳನ್ನೂ ಹೇಳಬೇಕು. ನಡುರಾತ್ರಿಯಲ್ಲಿ ಭಾಗವತರು ಬದಲಾದಾಗ ಒಂದೇ ಗುಂಡಿ ಒತ್ತಿದರೆ ಮುಂದಿನವರ ಸ್ವರಕ್ಕೆ ಹೊಂದಿಸಿಟ್ಟದ್ದೆಲ್ಲ ಬರುತ್ತದೆ. ಮೇಲೆ ತೂಗುಬಿಟ್ಟ ಮೈಕುಗಳಿಗೆ ಹೆಜ್ಜೆಯ ದಡಬಡ ಸೇರದಂತೆ ತಗ್ಗು ಸ್ವರಗಳನ್ನು ಬೇಕಾದಲ್ಲಿಂದ ಕತ್ತರಿಸಬಹುದು, ಅನಲಾಗ್‌ನಲ್ಲಿ ಆ ಕತ್ತರಿ ಸಾಮಾನ್ಯವಾಗಿ 80 ಅಥವಾ 100 ಹರ್ಟ್ಜ್‌ಗೆ ನಿಂತುಬಿಟ್ಟಿರುತ್ತದೆ. ತಾನೇ ಚಲಿಸುವ ಫೇಡರನ್ನು ಯಮಹಾ 1987ರ ಡಿಎಂಪಿ7ರಲ್ಲೇ ತಂದಿದ್ದರೂ, 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32ರಂಥವು 32 ಮೈಕುಗಳನ್ನೂ 25 ಚಲಿಸುವ ಫೇಡರುಗಳನ್ನೂ ಸಣ್ಣವರ ಕೈಗೆಟುಕಿಸಿದವು. (ನನ್ನದು ಈ ಎರಡೂ ಅಲ್ಲ.) ಆದರೆ ಅಪರಾತ್ರಿ 3 ಗಂಟೆಗೆ ಮೈಕ್ ಕೂಗತೊಡಗಿದಾಗ, ನಿದ್ದೆಗಣ್ಣಿನಲ್ಲಿ ಚಾನೆಲ್ ಆರಿಸಿ, ಪುಟ ತೆರೆದು, ಗೆರೆ ಎಳೆಯುವುದಕ್ಕಿಂತ ಕೈಗೆ ಗೊತ್ತಿರುವ ಗುಂಡಿಯನ್ನು ತಿರುಗಿಸುವುದು ಸುಲಭ. ಕತ್ತಲ ಗದ್ದೆಯಲ್ಲಿ ಹೊಳೆಯುವ ಪರದೆಗೆ ಮುತ್ತುವ ಹುಳುಗಳ ಕಾಟ ಬೇರೆ.

ಹಿಮ್ಮೇಳ, ಮುಮ್ಮೇಳ ಸೇರಿ ನನಗೆ ಬೇಕಾದದ್ದು 10 ಚಾನೆಲ್, ವರಮಾನ ಋತುಮಾನದ್ದು, ಒಂದು ರಾತ್ರಿ ತಪ್ಪಿದರೆ ಮುಂದಿನ ವರ್ಷ ಕೆಲಸಕ್ಕೆ ಕರೆಯುವ ವೀಳ್ಯವೇ ತಪ್ಪುತ್ತದೆ. ಸಭಾಂಗಣದಲ್ಲಿ ಸ್ಥಿರವಾದ ವಿದ್ಯುತ್ತಿನ ನಡುವೆ ಸಂಗೀತ ಕಛೇರಿಗಳನ್ನೇ ಮಾಡುವವರು ಕಣ್ಣುಮುಚ್ಚಿ ಡಿಜಿಟಲ್ ಕೊಳ್ಳಲಿ. ನನ್ನದೂ ಕಛೇರಿಗಳ ದಿನ ಬಾಡಿಗೆಗೆ ಹೋಗುತ್ತದೆ. ಆ ಬಾಡಿಗೆಯಲ್ಲಿ ಈ ಮಳೆಗಾಲ ಹಳೆಯದರ ಫೇಡರುಗಳನ್ನೆಲ್ಲ ಹೊಸದಾಗಿ ಹಾಕಿಸುತ್ತಿದ್ದೇನೆ.