ಹಾಫ್ನರ್ ವಯಲಿನ್ ಬೇಸ್: ಹಲವು ವರ್ಷ ನುಡಿಸಿ, ಬಿಚ್ಚಿ, ಜೋಡಿಸಿದ ಮೇಲೆ

ಸ್ವರ ಉದ್ದಕ್ಕೆ ಎಳೆಯಬೇಕು, ತಂತಿ ಖಣಖಣ ಅನ್ನಬೇಕು ಅನ್ನುವವರಿಗೆ ವಯಲಿನ್ ಬೇಸ್, ಅಂದರೆ ಜರ್ಮನಿಯ ಹಾಫ್ನರ್ ಕಂಪನಿಯ ಪಿಟೀಲು ಆಕಾರದ ಎಲೆಕ್ಟ್ರಿಕ್ ಬೇಸ್ ಗಿಟಾರ್, ಹೇಳಿ ಮಾಡಿಸಿದ್ದಲ್ಲ. ಇದರ ಸ್ವರ ದಪ್ಪಗೆ ಹುಟ್ಟಿ ಬೇಗ ಅಡಗುತ್ತದೆ. ನನಗೆ ಇದು ಹಿಡಿಸಿದ್ದೇ ಅದಕ್ಕೆ. ನನ್ನ ಹತ್ತಿರ ಈಗ ಮೂರು ಹಾಫ್ನರ್‌ಗಳಿವೆ: ಚೀನಾದಲ್ಲಿ ತಯಾರಾದ ಕಾಂಟೆಂಪರರಿ ಮಾದರಿ, ಅರವತ್ತರ ದಶಕದ ಜರ್ಮನ್ 500/1 (ವಯಲಿನ್ ಬೇಸಿನ ಮಾದರಿ ಸಂಖ್ಯೆ), ಮತ್ತೆ ಗಿಟಾರ್ ಆಕಾರದ ಒಂದು ಕ್ಲಬ್ ಬೇಸ್. ಮೂರನ್ನೂ ಚೆನ್ನಾಗಿ ನುಡಿಸಿದ್ದೇನೆ, ಬಿಚ್ಚಿ ಜೋಡಿಸಿದ್ದೇನೆ. ಕೊಳ್ಳಬೇಕು ಅಂತಿರುವವರಿಗೆ, ಈಗಾಗಲೇ ಕೊಂಡು ಏನಾದರೂ ಬದಲಾಯಿಸಬೇಕು ಅಂತ ಕೈ ತುರಿಸುತ್ತಿರುವವರಿಗೆ ಇದು.

ಈ ಬೇಸ್ ಹೀಗೇಕೆ ಅಂತ ತಿಳಿಯಬೇಕಾದರೆ ಇದನ್ನು ಮಾಡಿದವರು ಯಾರು ಅಂತ ಗೊತ್ತಿರಬೇಕು. ಕಾರ್ಲ್ ಹಾಫ್ನರ್ 1887ರಲ್ಲಿ ಶೋನ್‌ಬಾಖ್‌ನಲ್ಲಿ ಶುರುಮಾಡಿದ್ದು ಪಿಟೀಲು ಮಾಡುವ ಕೆಲಸ. ಎರಡನೇ ಮಹಾಯುದ್ಧದ ನಂತರ ಕಂಪನಿ ಬವೇರಿಯಾದ ಬೂಬೆನ್‌ರಾಯ್ಟ್‌ಗೆ ಬಂತು. ಮಗ ವಾಲ್ಟರ್ 1955ರಲ್ಲಿ ಈ ಬೇಸ್ ರೂಪಿಸಿದರು, 1956ರಲ್ಲಿ ಅದು ಫ್ರಾಂಕ್‌ಫರ್ಟ್ ಮೇಳಕ್ಕೆ ಬಂತು. ಪಿಟೀಲಿನ ಆಕಾರದ ಎಲೆಕ್ಟ್ರಿಕ್ ಬೇಸ್ ಇದೇ ಮೊದಲಲ್ಲ. ಗಿಬ್ಸನ್ 1953ರಲ್ಲೇ ಒಂದನ್ನು ತಂದಿತ್ತು. ಆದರೆ ಅದು ಗಟ್ಟಿ ಮಹಾಗನಿ. ಹಾಫ್ನರ್‌ನವರು ತಮಗೆ ಗೊತ್ತಿದ್ದ ದಾರಿಯಲ್ಲೇ ಹೋದರು: ಸ್ಪ್ರೂಸ್ ಮರದ ಮುಂಭಾಗ, ಮೇಪಲ್ ಮರದ ಬೆನ್ನು ಮತ್ತು ಪಕ್ಕ, ಒಳಗೆ ಟೊಳ್ಳು. ಎಫ್ ಆಕಾರದ ರಂಧ್ರವಿಲ್ಲ. ತೂಕ ಎರಡೂವರೆ ಕಿಲೋ ಆಸುಪಾಸು. ಗಟ್ಟಿ ಮರದ ಬೇಸ್ ಹೊತ್ತು ಹೊತ್ತು ಭುಜ ಹಿಡಿದುಕೊಂಡವರಿಗೆ ಇದೊಂದೇ ಕಾರಣ ಸಾಕು.

ಇದರ ಹೆಸರು ಎಲ್ಲರಿಗೂ ಗೊತ್ತಾಗಿದ್ದು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರಿಂದ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಅವರು ಮೊದಲನೆಯದನ್ನು ಕೊಂಡರು. ಅವರು ಎಡಚ. ಎರಡೂ ಕಡೆ ಒಂದೇ ಥರ ಇರುವ ಈ ಆಕಾರ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುವುದಿಲ್ಲ.

ಈಗ ಅಳತೆಯ ವಿಷಯ. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ದೂರುಗಳು ತಾನೇ ಹೋಗುತ್ತವೆ. ಸಾಮಾನ್ಯ ಬೇಸ್‌ನ ತಂತಿಯ ನುಡಿಯುವ ಉದ್ದ 34 ಇಂಚು. ಇಲ್ಲಿ 30. ಅದೇ ದಪ್ಪದ ತಂತಿ, ಅದೇ ಶ್ರುತಿ, ಉದ್ದ ಮಾತ್ರ ಇಷ್ಟು ಇಳಿದರೆ ಬಿಗಿ ಶೇಕಡಾ 22ರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಬೆರಳಿಗೆ ಹಿತ, ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳು, ಅಂದರೆ ಫ್ರೆಟ್‌ಗಳು ಹತ್ತಿರ, ಪುಟ್ಟ ಕೈಯವರಿಗೂ ಸಲೀಸು. ಆದರೆ ಅಭ್ಯಾಸಬಲದಿಂದ ಜೋರಾಗಿ ಒತ್ತಿದರೆ ಶ್ರುತಿ ಮೇಲಕ್ಕೆ ಹೋಗುತ್ತದೆ. "ಇದು ಶ್ರುತಿಯಲ್ಲಿ ನಿಲ್ಲಲ್ಲ" ಅನ್ನುವವರ ಕೈಯನ್ನು ನೋಡಿ, ಹೆಚ್ಚಿನ ಸಲ ಎಡಗೈ ಹಿಡಿತವೇ ಬಿಗಿಯಾಗಿರುತ್ತದೆ. ಹಗುರವಾಗಿ ಒತ್ತಿ, ಹಗುರವಾಗಿ ಮೀಟಿ. ದನಿ ಬೇಕಾದರೆ ಆಂಪ್ ಕೊಡುತ್ತದೆ.

ಇನ್ನು ಬ್ರಿಜ್, ಅಂದರೆ ಒಡಲ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಭಾಗ. ಇದು ಸ್ಕ್ರೂ ಹಾಕಿ ಕೂರಿಸಿದ್ದಲ್ಲ. ಎಬೊನಿ ಮರದ ಒಂದು ಸಣ್ಣ ಪಟ್ಟಿ, ಅದರಲ್ಲಿ ಸಾಲು ಸಾಲು ಸೀಳು, ಒಂದೊಂದು ತಂತಿಗೂ ಫ್ರೆಟ್ ಲೋಹದ ಒಂದು ಪುಟ್ಟ ತುಂಡು. ತಂತಿಯ ಒತ್ತಡವೊಂದೇ ಅದನ್ನು ಹಿಡಿದಿಟ್ಟಿರುತ್ತದೆ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕೈಗೇ ಬರುತ್ತದೆ, ಲೋಹದ ತುಂಡುಗಳು ನೆಲದಲ್ಲಿ ಎಲ್ಲೋ. ಅದಕ್ಕೇ ನಾನು ಒಂದೊಂದೇ ತಂತಿ ಬದಲಾಯಿಸುತ್ತೇನೆ. ಮೊದಲು ಬ್ರಿಜ್‌ನ ಎರಡೂ ತುದಿಗೆ ಬಣ್ಣ ಕೀಳದ ತೆಳು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳುತ್ತೇನೆ. ಶ್ರುತಿ ಸರಿಹೊಂದಿಸುವುದೂ ಇಲ್ಲೇ. 12ನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ ಹಾರ್ಮೋನಿಕ್ ಸ್ವರ ಕೇಳಿ, ಅದೇ ಫ್ರೆಟ್ ಒತ್ತಿ ಕೇಳಿ. ಒತ್ತಿದ ಸ್ವರ ಮೇಲಿದ್ದರೆ ಆ ತುಂಡನ್ನು ಒಂದು ಸೀಳು ಹಿಂದಕ್ಕೆ ಸರಿಸಿ. ಒಂದು ಸೀಳಿಗೂ ಮುಂದಿನದಕ್ಕೂ ನಡುವೆ ನಿಲ್ಲಿಸುವ ಹಾಗಿಲ್ಲ, ಉಳಿದಿದ್ದನ್ನು ಬ್ರಿಜ್ಜನ್ನೇ ಕೂದಲೆಳೆಯಷ್ಟು ಓರೆ ಮಾಡಿ ಸರಿಮಾಡಬೇಕು. ತಾಳ್ಮೆ ಬೇಕು. ಆದರೆ ಒಮ್ಮೆ ಕೂತರೆ ತಿಂಗಳುಗಟ್ಟಲೆ ಮುಟ್ಟುವುದು ಬೇಡ. ಇದನ್ನು ಕಿತ್ತು ಗಟ್ಟಿ ಲೋಹದ ಬ್ರಿಜ್ ಹಾಕಿಸಿದ ಒಂದು ವಯಲಿನ್ ಬೇಸ್ ನುಡಿಸಿ ನೋಡಿದ್ದೇನೆ. ಸ್ವರ ಉದ್ದವಾಗಿತ್ತು ನಿಜ, ಆದರೆ ಮರದ ಗುಂ ಅನ್ನುವ ದನಿ ಹೋಗಿತ್ತು. ಆ ದನಿ ಬೇಡವಾದರೆ ಈ ಬೇಸ್ ಯಾಕೆ ಬೇಕು?

ನನ್ನ ಪ್ರಕಾರ ಮೊದಲು ಬದಲಾಯಿಸಬೇಕಾದ್ದು ತಂತಿ. ಚಪ್ಪಟೆ ಲೋಹ ಸುತ್ತಿದ ನಯವಾದ ಫ್ಲಾಟ್‌ವೂಂಡ್ ತಂತಿ ಹಾಕಿ, ಬೇರೆ ಯೋಚನೆ ಬೇಡ. ನಾನು ಲಾ ಬೆಲ್ಲಾ ಮತ್ತು ಪಿರಮಿಡ್ ಎಂಬ ಎರಡು ಕಂಪನಿಗಳ ತಂತಿಯನ್ನೂ ಬಳಸಿದ್ದೇನೆ. ಲಾ ಬೆಲ್ಲಾ ಸ್ವಲ್ಪ ದುಂಡಗೆ ಕೇಳಿಸಿತು, ಪಿರಮಿಡ್ ಸ್ವಲ್ಪ ಚುರುಕು. ಸುಮ್ನೆ ಶಾರ್ಟ್ ಸ್ಕೇಲ್ (ಕಡಿಮೆ ಉದ್ದದ ಬೇಸಿಗೆ) ಅಂತ ಬರೆದಿರುವ ಯಾವುದೋ ಸೆಟ್ ತರಬೇಡಿ. ಬ್ರಿಜ್ ಆಚೆ, ತಂತಿಯ ಬುಡ ಸಿಕ್ಕಿಸುವ ಟೇಲ್‌ಪೀಸ್‌ವರೆಗೂ ತಂತಿ ಹೋಗಬೇಕು, ಅದಕ್ಕೆ ಕೆಲವು ಸೆಟ್ ಸಾಲುವುದಿಲ್ಲ. ಕೊಳ್ಳುವ ಮೊದಲು ಟೇಲ್‌ಪೀಸ್‌ನಿಂದ ತಲೆಯ ಕಡೆ ತಂತಿ ಕೂರುವ ನಟ್‌ವರೆಗೆ ಅಳೆದುಕೊಳ್ಳಿ. ಲಾಂಗ್ ಸ್ಕೇಲ್ ತಂತಿಯೂ ಬೇಡ. ದಪ್ಪ ಭಾಗ ಶ್ರುತಿಯ ಕೀಲಿಗೆ ಸುತ್ತಬೇಕಾಗುತ್ತದೆ, ಅಲ್ಲೇ ತುಂಡಾಗಬಹುದು.

ಎರಡನೆಯದು ಭುಜಕ್ಕೆ ಹಾಕುವ ಪಟ್ಟಿ. ಒಡಲು ಹಗುರ, ಹಾಗಾಗಿ ಕೈಬಿಟ್ಟರೆ ತಲೆ ನೆಲ ನೋಡುತ್ತದೆ. ಒಳಗೆ ಒರಟಾಗಿರುವ ಅಗಲದ ಚರ್ಮದ ಪಟ್ಟಿ ಹಾಕಿದ ಮೇಲೆ ಈ ಕಾಟ ತುಂಬಾ ತಗ್ಗಿತು. ಹಗುರದ ಕೀಲಿಗಳನ್ನೂ ಹಾಕಬಹುದು, ಆದರೆ ಹಳೇ ಸ್ಕ್ರೂ ತೂತಿಗೇ ಕೂರುವಂಥವು ಸಿಕ್ಕರೆ ಮಾತ್ರ.

ಕಂಟ್ರೋಲ್ ಫಲಕ ಜಾಸ್ತಿ ಜನರಿಗೆ ತಲೆನೋವು. ಎರಡು ವಾಲ್ಯೂಮ್, ಮೂರು ಸ್ವಿಚ್. ರಿದಮ್‌ಗೆ ಹಾಕಿದರೆ ದನಿ ತಗ್ಗುತ್ತದೆ, ಸೋಲೋಗೆ ಹಾಕಿದರೆ ಪೂರ್ತಿ ಬರುತ್ತದೆ. ಉಳಿದೆರಡನ್ನು ಮೇಲೆ ಬರೆದಿರುವುದನ್ನು ಓದದೆ ಕಿವಿಯಿಂದಲೇ ಕಲಿಯಿರಿ. ನನ್ನ ಕಾಂಟೆಂಪರರಿಯಲ್ಲಿ ನಾನು ಈ ಫಲಕ ತೆಗೆದು ಎರಡು ವಾಲ್ಯೂಮ್, ಒಂದು ಟೋನ್ ಇರುವ ಬೇರೊಂದನ್ನು ಕೂರಿಸಿದ್ದೇನೆ. ಇದು ಸುಲಭದ ಕೆಲಸ: ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿದರೆ ಇಡೀ ಫಲಕ ವೈರ್ ಸಮೇತ ಹೊರಗೆ ಬರುತ್ತದೆ. ಮೂಲ ಫಲಕ ಜೋಪಾನವಾಗಿ ಕೇಸ್‌ನಲ್ಲಿದೆ, ಬೇಕೆಂದಾಗ ವಾಪಸ್ ಹಾಕಬಹುದು. ನನ್ನ ನಿಯಮ ಇಷ್ಟೇ: ವಾಪಸ್ ಹಾಕಲಾಗದ್ದನ್ನು ಮಾಡುವುದಿಲ್ಲ. ಮರಕ್ಕೆ ಹೊಸ ತೂತು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಜಾಗ ಅಗಲ ಮಾಡುವುದು, ಇವೆರಡೂ ಬೇಡವೇ ಬೇಡ.

ಜರ್ಮನ್ 500/1ರಲ್ಲಿ ಏನನ್ನೂ ಬದಲಾಯಿಸಿಲ್ಲ, ತಂತಿ ಬಿಟ್ಟು. ಹಳೆಯದನ್ನು ಹುಡುಕುವವರು ಮೊದಲು ನೋಡಬೇಕಾದ್ದು ನೆಕ್, ಅಂದರೆ ಕತ್ತಿನ ಕೋನ. ಬ್ರಿಜ್ ಪೂರ್ತಿ ಕೆಳಗಿಳಿದಿದೆ, ಆದರೂ ತಂತಿ ಫ್ರೆಟ್‌ನಿಂದ ಎತ್ತರದಲ್ಲಿದೆ ಅಂದರೆ ಅಂಟಿಸಿದ ನೆಕ್ ಮೇಲೆದ್ದಿದೆ. ಅದನ್ನು ಬಿಡಿಸಿ ಮತ್ತೆ ಕೂರಿಸುವುದು ದೊಡ್ಡ ರಿಪೇರಿ, ಬೆಲೆ ಮಾತಾಡುವಾಗ ನೆನಪಿರಲಿ. ಆಮೇಲೆ ಪಿಕಪ್. ಅರವತ್ತರ ದಶಕದ ನಡುವಿನವುಗಳಲ್ಲಿ ಸ್ಟೇಪಲ್ ಪಿನ್ ಥರದ ಕಂಬಗಳಿರುವ ಪಿಕಪ್ ಇರುತ್ತದೆ, ನಂತರದವುಗಳಲ್ಲಿ ಉದ್ದನೆಯ ಬ್ಲೇಡ್. ನಾನು ನೋಡಲು ಹೋದ ಒಂದನ್ನು "ಎಲ್ಲಾ ಒರಿಜಿನಲ್" ಅಂತ ಮಾರುತ್ತಿದ್ದರು. ಪಿಕಪ್ ಚೌಕಟ್ಟಿನ ಪಕ್ಕ ವಾರ್ನಿಷ್ ಮಾಸದ ಒಂದು ಗೆರೆ, ಅದರ ಕೊನೆಗೆ ಮುಚ್ಚಿದ ಎರಡು ಸ್ಕ್ರೂ ತೂತು. ಅಲ್ಲಿ ಮೊದಲು ಬೇರೆ ಅಳತೆಯ ಪಿಕಪ್ ಇತ್ತು ಅಂತ ಅದೇ ಹೇಳಿತು. ಅದನ್ನು ಬಿಟ್ಟು ಬಂದೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಇಂಥವು ಕಣ್ಣಿಗೆ ಬೀಳುತ್ತವೆ. ಇನ್ನೊಂದು, ಹಳೇ ಸೆಲ್ಯುಲಾಯ್ಡ್ ಪಿಕ್‌ಗಾರ್ಡ್ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಕೆಡಲು ಶುರುವಾದರೆ ಅದರ ಹಬೆ ಪಕ್ಕದ ಲೋಹವನ್ನೂ ತಿನ್ನುತ್ತದೆ. ಅಂಥದ್ದನ್ನು ತೆಗೆದು ಗಾಳಿಯಾಡುವ ಕಡೆ ಬೇರೆಯಾಗಿ ಇಡಿ.

ಇವು ಕಳೆದುಹೋಗಿ ಸಿಗುವುದೂ ಉಂಟು. ಮೆಕಾರ್ಟ್ನಿ ಅವರ 1961ರ ಬೇಸ್ 1972ರಲ್ಲಿ ಕಳುವಾಗಿತ್ತು. ಅದು ವಾಪಸ್ ಬಂದ ಸುದ್ದಿ ಹೊರಬಿದ್ದದ್ದು 2024ರ ಫೆಬ್ರುವರಿಯಲ್ಲಿ. ಅದರಲ್ಲಿ ಎರಡೂ ಪಿಕಪ್ ನೆಕ್ ಹತ್ತಿರ ಅಕ್ಕಪಕ್ಕ ಇವೆ. ಅವರ 1963ರ ಬೇಸ್‌ನಲ್ಲಿ ಒಂದು ಬ್ರಿಜ್ ಕಡೆಗೆ ಸರಿದಿದೆ. ಇವತ್ತಿಗೂ ಹಾಫ್ನರ್ ಪ್ರಿಯರು ಈ ಎರಡರಲ್ಲಿ ಯಾವುದು ಮೇಲು ಅಂತ ವಾದ ಮಾಡುತ್ತಾರೆ. ನನ್ನ ಮತ ಅಕ್ಕಪಕ್ಕದ್ದಕ್ಕೆ, ಆ ಗಾಢ ದನಿಯೇ ಬೇರೆ.

ಯಾವುದು ಕೊಳ್ಳಲಿ? ಬ್ಯಾಂಡ್ ಜೊತೆ ಜೋರಾಗಿ ನುಡಿಸುವವರು ಕಾಂಟೆಂಪರರಿ ತಗೊಳ್ಳಿ. ಅದರ ಒಳಗೆ ಮರದ ಗಟ್ಟಿ ದಿಂಡಿದೆ, ಆಂಪ್ ಮುಂದೆ ನಿಂತರೂ ಕೂಗುವುದು ಕಡಿಮೆ, ಸ್ವರವೂ ಕೊಂಚ ಉದ್ದ. ಆಕಾರ ಇಷ್ಟ, ನುಡಿಸಿ ನೋಡೋಣ ಅನ್ನುವವರಿಗೆ ಹಾಫ್ನರ್‌ನವರದೇ ಅಗ್ಗದ ಮಾದರಿ ಇಗ್ನಿಷನ್ ಸಾಕು, ಅದಕ್ಕೆ ಒಳ್ಳೇ ಫ್ಲಾಟ್‌ವೂಂಡ್ ಹಾಕಿಸಿ. ರೆಕಾರ್ಡಿಂಗೇ ಮುಖ್ಯ, ಪೂರ್ತಿ ಟೊಳ್ಳು ಒಡಲಿನ ದನಿಯೇ ಬೇಕು ಅನ್ನುವವರು ಸ್ವಲ್ಪ ಕಾದು ಜರ್ಮನ್ 500/1 ಹುಡುಕಿ. ಹೋಗುವಾಗ ಟಾರ್ಚ್ ಮರೆಯಬೇಡಿ.