ಪಿಎಚ್‌ಡಿಗೆ ಅಮೆರಿಕವೋ ಬ್ರಿಟನ್ನೋ?

ಬ್ರಿಟನ್ನಿನಲ್ಲಿ ಪಿಎಚ್‌ಡಿ ಎಂದರೆ ಮೊದಲ ದಿನದಿಂದಲೇ ಪ್ರಬಂಧದ ಚಿಂತೆ. ಅರ್ಜಿಯ ಜೊತೆಗೇ ಸಂಶೋಧನಾ ಪ್ರಸ್ತಾವ ಕೇಳುವ ವಿಭಾಗಗಳು ಬಹಳ. ತರಗತಿಗಳು ಕಡಿಮೆ, 3-4 ವರ್ಷದಲ್ಲಿ ಮುಗಿಸಬೇಕು. ಕೊನೆಗೆ ಮುಚ್ಚಿದ ಕೋಣೆಯಲ್ಲಿ, ಸಾಮಾನ್ಯವಾಗಿ ಇಬ್ಬರೇ ಪರೀಕ್ಷಕರು, ಅಂಚಿಗೆಲ್ಲ ಚೀಟಿ ಅಂಟಿಸಿದ ನಿಮ್ಮ ಪ್ರಬಂಧವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಾರೆ.

ಅಮೆರಿಕದ ದಾರಿ ಉದ್ದ: 5-6 ವರ್ಷ, ಮಾನವಿಕ ವಿಷಯಗಳಲ್ಲಿ ಇನ್ನೂ ಹೆಚ್ಚು. ಮೊದಲ ಒಂದೆರಡು ವರ್ಷ ಪಾಠ, ಆಮೇಲೆ ಅರ್ಹತಾ ಪರೀಕ್ಷೆ. ಜೀವವಿಜ್ಞಾನದವರು ಎರಡು-ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರ ದುಡಿದು ನೋಡಿ, ಬಳಿಕ ಮಾರ್ಗದರ್ಶಕರನ್ನು ಆರಿಸುತ್ತಾರೆ. ನನಗೆ ತುಂಬ ಹಿಡಿಸಿದ ಪದ್ಧತಿ ಇದು. ಸಂಬಂಧ ಬೆಳೆಸುವ ಮುಂಚೆ ಮನೆ ನೋಡಿ ಬಂದ ಹಾಗೆ. ಶುಲ್ಕ ಮನ್ನಾ, ಮಾಸಿಕ ಭತ್ಯೆ ಅಲ್ಲಿ ಸಾಮಾನ್ಯ. ಬದಲಿಗೆ ಪದವಿ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಕಟ್ಟು ನಿಮ್ಮ ಮೇಜಿಗೆ ಬಂದು ಬೀಳುತ್ತದೆ. ಬ್ರಿಟನ್ನಿನಲ್ಲಿ ವಿದೇಶಿಯರಿಗೆ ಪೂರ್ಣ ಧನಸಹಾಯ ಸಿಗುವುದು ಕಷ್ಟ. ಅದು ಕೈಗೆ ಬಾರದೆ ಹೊರಡಬೇಡಿ.

ಸ್ನಾತಕೋತ್ತರ ಪದವಿ ಮುಗಿದು, ಪ್ರಶ್ನೆಯೊಂದು ತಲೆಯಲ್ಲಿ ಗಟ್ಟಿಯಾಗಿ ಕುಳಿತಿದ್ದರೆ ಬ್ರಿಟನ್. ಭೌತವಿಜ್ಞಾನ ಓದಿ ನರವಿಜ್ಞಾನದತ್ತ ಹೊರಳುವ ಆಸೆಯಿದ್ದರೆ ಅಮೆರಿಕ. ಬರೀ ಬಿ.ಎಸ್ಸಿ. ಆದವರೂ ಅಲ್ಲಿಗೆ ಹೋಗಬಹುದು. ಆದರೆ 3 ವರ್ಷದ ಪದವಿಯನ್ನು ಒಪ್ಪದ ವಿಶ್ವವಿದ್ಯಾಲಯಗಳೂ ಇವೆ, ಅರ್ಜಿ ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ.